ಬೇಲೂರು, ಹಳೇಬೀಡು ತಂಡದಲ್ಲಿ ನೋಡೋರಿಗೆ: ಬಿಸಿಲಿನ ಲೆಕ್ಕ

ಹಾಸನದಲ್ಲಿ ಉಳಿದು ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಸುತ್ತುವವರು ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು ಇಟ್ಟುಕೊಳ್ಳಿ. ಉಲ್ಟಾ ಮಾಡಬೇಡಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಒಳ್ಳೊಳ್ಳೆ ಶಿಲ್ಪಗಳಿರೋದು ಹಿಂದಿನ ಪಶ್ಚಿಮ ಗೋಡೆಯಲ್ಲಿ. ಬೆಳಿಗ್ಗೆ ಅದೆಲ್ಲ ನೆರಳಲ್ಲಿ ಮಂಕು. ಇಳಿಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ದೇವರ ಕೊರಳ ಹಾರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತೆ. ಎರಡೂರಿನ ನಡುವೆ ಬರೀ 16 ಕಿ.ಮೀ.

ಬೇಲೂರಲ್ಲಿ ಚೆನ್ನಕೇಶವ ಗುಡಿಯ ಗರ್ಭಗುಡಿ ಮಧ್ಯಾಹ್ನ ಮುಚ್ಚುತ್ತೆ. ಹಾಗಾಗಿ ಮೊದಲು ದರ್ಶನ ಮತ್ತು ನವರಂಗದ (ಗುಡಿ ಒಳಗಿನ ಮಂಟಪ) ಕಂಬಗಳು, ಹೊರಗೋಡೆ ಆಮೇಲೆ. ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಸೂರಿನ ಕೆಳಗೆ ಎತ್ತರದಲ್ಲಿವೆ, ತಂಡಕ್ಕೊಂದು ಬೈನಾಕ್ಯುಲರ್ ಇರಲಿ. ಹದಿನೈದು ಜನಕ್ಕಿಂತ ಹೆಚ್ಚಿದ್ದರೆ ಇಬ್ಬರು ಗೈಡ್ ಬೇಕು, ಇಲ್ಲವಾದರೆ ಹಿಂದಿನವರಿಗೆ ಮುಂದಿನವರ ಬೆನ್ನೇ ಶಿಲ್ಪ! ಗೈಡ್ ದುಡ್ಡಿನ ಮಾತು ನೀವು ಒಳಗೆ ಹೋಗೋ ಮುಂಚೆಯೇ ಮುಗಿಸಿ. ಚಪ್ಪಲಿ ಹೊರಗೇ ಬಿಡಬೇಕು, ಬೇಸಿಗೆಯಲ್ಲಿ ಅಂಗಳದ ಚಪ್ಪಡಿ ಹನ್ನೊಂದಕ್ಕೆಲ್ಲ ದೋಸೆ ಕಾವಲಿ. ದಪ್ಪ ಕಾಲುಚೀಲ ಮರೆಯಬೇಡಿ.

ಶ್ರವಣಬೆಳಗೊಳವನ್ನು ಅದೇ ದಿನಕ್ಕೆ ತುರುಕಬೇಡಿ. ಗೊಮ್ಮಟನ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬಂಡೆಯಲ್ಲೇ ಕಡಿದದ್ದು, ಬರಿಗಾಲಲ್ಲೇ ಹತ್ತಬೇಕು. ಏಳು ಗಂಟೆಗೆಲ್ಲ ಬೆಟ್ಟದ ಬುಡದಲ್ಲಿರಿ. ಮಂಡಿನೋವಿನ ಹಿರಿಯರಿಗೆ ಕೆಳಗೇ ಡೋಲಿ (ಹೊತ್ತೊಯ್ಯುವ ಕುರ್ಚಿ) ವಿಚಾರಿಸಿ, ಅರ್ಧ ಹತ್ತಿದ ಮೇಲೆ ಹುಡುಕಿದರೆ ಸಿಗಲ್ಲ.