ಬೀಳುವ ಸರ್ವರ್‌ಗೆ ಕ್ರಾನ್ ಕಾವಲು

ನಾನು ನಡೆಸುತ್ತಿದ್ದ ಪುಟ್ಟ ಪೈಥಾನ್ ಸರ್ವರ್‌ಗೆ ಒಂದು ಚಾಳಿ ಇತ್ತು. ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು, ಬೆಳಗ್ಗೆ ಎದ್ದು ನೋಡಿದರೆ ಸತ್ತಿರುತ್ತಿತ್ತು. ಆ ಲಿನಕ್ಸ್ ಮಷಿನ್‌ನಲ್ಲಿ ರೂಟ್ ಅನುಮತಿ, ಅಂದರೆ ಪೂರ್ತಿ ಅಧಿಕಾರ, ಇದ್ದಿದ್ದರೆ ಸರ್ವರ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಪ್ಪಿಸಿ ಸುಮ್ನೆ ಮಲಗುತ್ತಿದ್ದೆ. ರೂಟ್ ಇರುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ನನ್ನ ಕೈಯಲ್ಲಿದ್ದದ್ದು ಕ್ರಾನ್ ಮಾತ್ರ.

ಕ್ರಾನ್‌ಗೆ ಸರ್ವರ್ ಬದುಕಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೇಳಿದ ಹೊತ್ತಿಗೆ ಹೇಳಿದ ಕಮಾಂಡ್ ಓಡಿಸುತ್ತದೆ, ಅಷ್ಟೇ. ನೋಡುವ ಕೆಲಸ ನಮ್ಮ ಸ್ಕ್ರಿಪ್ಟಿನದು. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿ ಐದು ಸ್ಟಾರ್ ಹಾಕಿ, ನಿಮಿಷಕ್ಕೊಮ್ಮೆ ಓಡುವ ಹಾಗೆ ಒಂದು ಸ್ಕ್ರಿಪ್ಟ್ ಇಟ್ಟೆ. ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಮಾತ್ರ ಇಲ್ಲ. ಕಾರಣ ಎಲ್ಲರೂ ಒಮ್ಮೆಯಾದರೂ ಎಡವುವ ಪಾತ್ (ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿ) ಸಮಸ್ಯೆ. ಲಾಗಿನ್ ಆದಾಗ ಸಿಗುವ ಸೆಟ್ಟಿಂಗ್‌ಗಳು ಕ್ರಾನ್‌ಗೆ ಸಿಗುವುದಿಲ್ಲ. ಪೈಥಾನ್‌ಗೆ ಪೂರ್ತಿ ದಾರಿ ಬರೆದೆ, ಸರಿಹೋಯಿತು.

ನಿಜವಾಗಿ ತಲೆ ತಿಂದದ್ದು 'ಈಗಾಗಲೇ ಓಡುತ್ತಿದೆಯಾ?' ಅನ್ನುವ ಪ್ರಶ್ನೆ. ಮೊದಲು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನಂಬರನ್ನು ಒಂದು ಫೈಲಿನಲ್ಲಿ ಬರೆದಿಟ್ಟೆ. ಮಷಿನ್ ರೀಬೂಟ್ ಆದ ಮೇಲೆ ಅದೇ ನಂಬರ್ ಬೇರೆ ಯಾವುದೋ ಪ್ರೋಸೆಸ್‌ಗೆ ಹೋಗಿತ್ತು. ಸ್ಕ್ರಿಪ್ಟ್ ಅದನ್ನು ನೋಡಿ 'ಬದುಕಿದೆ' ಅಂದುಕೊಂಡು ಕೈಕಟ್ಟಿ ಕೂತಿತು. ಆಮೇಲೆ ಓಡುತ್ತಿರುವ ಪ್ರೋಸೆಸ್‌ಗಳ ಪೂರ್ತಿ ಕಮಾಂಡಿನಲ್ಲಿ ಪಿಗ್ರೆಪ್‌ನಿಂದ ಹೆಸರು ಹುಡುಕುವ ಸಾಲನ್ನೇ ನೇರ ಕ್ರಾನ್‌ಟ್ಯಾಬಿಗೆ ಹಾಕಿದೆ. ಕ್ರಾನ್ ಆ ಸಾಲನ್ನು ಕಮಾಂಡ್ ಓದಿ ಓಡಿಸುವ ಒಂದು ಶೆಲ್‌ ಮೂಲಕ ಓಡಿಸುತ್ತದೆ. ಶೆಲ್‌ನ ಕಮಾಂಡಿನಲ್ಲೂ ಸರ್ವರ್ ಹೆಸರು ಇರುತ್ತದೆ ಅಲ್ವಾ! ಪಿಗ್ರೆಪ್ ಅದನ್ನೇ ಹಿಡಿದು 'ಸಿಕ್ಕಿತು' ಅನ್ನುತ್ತಿತ್ತು. ಸರ್ವರ್ ಏಳಲೇ ಇಲ್ಲ.

ಕೊನೆಗೆ ಕೈಹಿಡಿದದ್ದು ಎಫ್‌ಲಾಕ್, ಫೈಲಿಗೆ ಬೀಗ ಹಾಕಿ ಕಮಾಂಡ್ ಓಡಿಸುವ ಟೂಲ್. ಒಂದು ಲಾಕ್ ಫೈಲ್ ಕೊಟ್ಟು, ಅದರ ಮುಂದೆ ಸರ್ವರ್ ಕಮಾಂಡ್ ಬರೆದರೆ ಮುಗಿಯಿತು. 'ಎನ್' ಆಯ್ಕೆ ಕೊಟ್ಟರೆ, ಬೀಗ ಸಿಗದಾಗ ಕಾಯದೆ ವಾಪಸ್ ಹೋಗುತ್ತದೆ. ಸರ್ವರ್ ಸತ್ತರೆ ಬೀಗವನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಬಿಡಿಸುತ್ತದೆ, ಮುಂದಿನ ನಿಮಿಷ ಹೊಸದು ಏಳುತ್ತದೆ. ನಂಬರ್ ಬರೆಯುವ, ಅಳಿಸುವ ಗೋಜೇ ಇಲ್ಲ. ನಲವತ್ತು ಸಾಲಿನ ಸ್ಕ್ರಿಪ್ಟನ್ನು ಖುಷಿಯಿಂದ ಅಳಿಸಿದೆ.

ಅದರಲ್ಲೂ ಒಂದು ಕೊಕ್ಕೆ ಇತ್ತು. ನನ್ನ ಸರ್ವರ್ ಒಂದು ಮರಿ ಪ್ರೋಸೆಸ್ ಹುಟ್ಟಿಸುತ್ತಿತ್ತು. ಸರ್ವರ್ ಸತ್ತರೂ ಮರಿ ಉಳಿದು, ಬಳುವಳಿಯಾಗಿ ಬಂದ ಬೀಗವನ್ನು ಬಿಡುತ್ತಿರಲಿಲ್ಲ. ಎಫ್‌ಲಾಕ್‌ಗೆ 'ಓ' ಆಯ್ಕೆ ಕೊಟ್ಟರೆ ಬೀಗ ಎಫ್‌ಲಾಕ್ ಬಳಿಯೇ ಇರುತ್ತದೆ, ಸರ್ವರ್‌ಗೂ ಹೋಗುವುದಿಲ್ಲ, ಮರಿಗೂ ಹೋಗುವುದಿಲ್ಲ.

ಸಾಯದೆ ಸುಮ್ಮನೆ ಸಿಕ್ಕಿಕೊಳ್ಳುವ ಸರ್ವರ್‌ಗೆ ಬೀಗ ಸಾಲದು. ಅದಕ್ಕೆ ಇನ್ನೊಂದು ಜಾಬ್ ಇಟ್ಟೆ. ಐದು ನಿಮಿಷಕ್ಕೊಮ್ಮೆ, ವೆಬ್ ಪುಟ ತರಿಸುವ ಕರ್ಲ್‌ನಿಂದ ಸರ್ವರ್ ಬಳಿ ಒಂದು ಪುಟ ಕೇಳುತ್ತದೆ. ಸತತ ಎರಡು ಸಲ ಉತ್ತರ ಬರದಿದ್ದರೆ ಸರ್ವರನ್ನು ಕೊಲ್ಲುತ್ತದೆ. ಎಬ್ಬಿಸುವುದು ಹೇಗೂ ಮೊದಲಿನ ಸಾಲಿನ ಕೆಲಸ. ಕರ್ಲ್‌ಗೆ ಹತ್ತು ಸೆಕೆಂಡಿನ ಗಡುವು ಹಾಕುವುದನ್ನು ಮರೆಯಬೇಡಿ. ನಾನು ಮರೆತಿದ್ದೆ, ಉತ್ತರಕ್ಕೆ ಕಾಯುವ ಕರ್ಲ್‌ಗಳೇ ಸಾಲುಗಟ್ಟಿ ನಿಂತಿದ್ದವು.

ಪ್ರತಿ ಸಲ ಎದ್ದಾಗಲೂ ಸಮಯವನ್ನು ಲಾಗ್‌ಗೆ ಬರೆಸುತ್ತಿದ್ದೆ. ಒಂದು ವಾರದ ನಂತರ ನೋಡಿದರೆ ಸಾವೆಲ್ಲ ರಾತ್ರಿಯ ಬ್ಯಾಕಪ್ ಹೊತ್ತಿಗೇ. ಬ್ಯಾಕಪ್ ಪೂರ್ತಿ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುತ್ತಿತ್ತು, ಜಾಗ ಸಾಲದೆ ಕರ್ನಲ್ ನನ್ನ ಸರ್ವರನ್ನು ಬಲಿ ಕೊಡುತ್ತಿತ್ತು. ಫೈಲನ್ನು ತುಂಡು ತುಂಡಾಗಿ ಓದುವಂತೆ ಬದಲಿಸಿದೆ. ಕ್ರಾನ್ ಸಾಲನ್ನು ಮಾತ್ರ ತೆಗೆದಿಲ್ಲ.