ಕಿರೀಟದ ಚಿನ್ನಕ್ಕೆ ನಾಲ್ಕೇ ಶಾಯಿ

ಕಾಸರಗೋಡಿನಲ್ಲಿ ಡಿಸೈನ್ ಕೆಲಸ ಅಂದರೆ ಹೆಚ್ಚಾಗಿ ಬ್ರಹ್ಮಕಲಶದ ಆಮಂತ್ರಣ, ಮದುವೆ ಕಾಗದ, ಯಕ್ಷಗಾನದ ಪೋಸ್ಟರ್. ಬಣ್ಣದ ಪಾಠ ನನಗೆ ಜಾಸ್ತಿ ಸಿಕ್ಕಿದ್ದು ಪೋಸ್ಟರ್‌ನಿಂದ.

ಕಮಿಟಿಯವರು ಫೋಟೋ ಕಳಿಸಿ, "ಮೊಬೈಲಲ್ಲಿ ಕಾಣುವ ಹಾಗೆಯೇ ಬರಬೇಕು ಮಾರಾಯ್ರೇ" ಅನ್ನುತ್ತಾರೆ. ಕೇಳುವುದು ಸಹಜ. ಆದರೆ ಮೊಬೈಲ್ ತಾನೇ ಬೆಳಕು ಕೊಡುತ್ತದೆ, ಅಲ್ಲಿ ಕೆಂಪು, ಹಸಿರು, ನೀಲಿ ಸೇರಿದರೆ ಬಿಳಿ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸು ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಶಾಯಿ ನುಂಗಿಬಿಡುತ್ತದೆ: ಸಯಾನ್ (ಹಸಿರು ಬೆರೆತ ತಿಳಿನೀಲಿ) ಕೆಂಪನ್ನು, ಮಜೆಂಟಾ (ಕಡು ಗುಲಾಬಿ) ಹಸಿರನ್ನು, ಹಳದಿ ನೀಲಿಯನ್ನು. ಹಾಗಾಗಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಬೇಕಾದರೆ ಮಜೆಂಟಾ, ಹಳದಿ ಎರಡೂ ಬೇಕು. ಉಳಿಯುವುದು ಕೆಂಪು ಮಾತ್ರ. ಮೂರೂ ಶಾಯಿ ಸೇರಿದರೆ ಕಪ್ಪಾಗಬೇಕು, ಆದರೆ ಸಿಗುವುದು ಕೆಸರು ಕಂದು. ಅದಕ್ಕೇ ನಾಲ್ಕನೆಯದಾಗಿ ಕಪ್ಪು ಶಾಯಿ.

ನನಗೆ ತುಂಬಾ ಇಷ್ಟವಾದ ಕೆಲಸ ಕಿರೀಟದ ಚಿನ್ನ. ಈ ನಾಲ್ಕರಲ್ಲಿ ಚಿನ್ನ ಇಲ್ಲವೇ ಇಲ್ಲ! ಹಳದಿ ಸುಮಾರು ಶೇಕಡಾ 80, ಮಜೆಂಟಾ ಶೇಕಡಾ 25ರಷ್ಟು ಇಟ್ಟು ಶುರು ಮಾಡುತ್ತೇನೆ. ನೆರಳಿನ ಕಡೆ ಮಜೆಂಟಾ ಏರಿಸಿ ಸ್ವಲ್ಪ ಕಪ್ಪು ಸೇರಿಸುತ್ತೇನೆ. ಮಿಂಚುವ ಅಂಚಿನಲ್ಲಿ ಶಾಯಿಯೇ ಬೇಡ, ಖಾಲಿ ಕಾಗದ ಬಿಡುತ್ತೇನೆ. ಪಕ್ಕದಲ್ಲಿ ಗಾಢ ಕಂದು ಇದ್ದರೆ ಆ ಖಾಲಿ ಜಾಗ ಥಳಥಳ ಹೊಳೆಯುತ್ತದೆ. ಇಲ್ಲಿ ಸಯಾನ್ ಸ್ವಲ್ಪ ಜಾಸ್ತಿಯಾದರೂ ಚಿನ್ನ ಪಾಚಿ ಹಿಡಿದಂತೆ ಕಾಣುತ್ತದೆ.

ನೀಲಿಯಲ್ಲೂ ಹುಷಾರಾಗಿರಬೇಕು. ಸಯಾನ್, ಮಜೆಂಟಾ ಎರಡೂ 100 ಹಾಕಿದರೆ ನೇರಳೆಗೆ ತಿರುಗುತ್ತದೆ. ಕೃಷ್ಣನ ವೇಷಕ್ಕೆ ಮಜೆಂಟಾವನ್ನು ಸಯಾನ್‌ಗಿಂತ 30ರಷ್ಟಾದರೂ ಕಡಿಮೆ ಇಡುತ್ತೇನೆ.

ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲವೂ ಚುಕ್ಕಿಗಳೇ. ಸಾಲುಗಳು ಒಂದರ ಮೇಲೊಂದು ಕೂತು ಬೇಡದ ವಿನ್ಯಾಸ ಮೂಡದಿರಲಿ ಅಂತ ಸಾಮಾನ್ಯವಾಗಿ ಸಯಾನ್‌ಗೆ 15 ಡಿಗ್ರಿ, ಮಜೆಂಟಾಕ್ಕೆ 75, ಹಳದಿಗೆ 0, ಕಪ್ಪಿಗೆ 45 ಓರೆ ಕೊಡುತ್ತಾರೆ. ನುಣುಪು ಲೇಪನದ ಆರ್ಟ್ ಪೇಪರ್‌ನಲ್ಲಿ ಚುಕ್ಕಿ ಗಟ್ಟಿ ನಿಲ್ಲುತ್ತದೆ. ಸಾದಾ ಕಾಗದದಲ್ಲಿ ಹರಡಿ ಫೋಟೋ ಕಪ್ಪಿಡುತ್ತದೆ, ಅದಕ್ಕಾಗಿ ಮೊದಲೇ ತುಸು ತಿಳಿ ಮಾಡಿ ಕಳಿಸುತ್ತೇನೆ.

ಪ್ರೂಫ್ (ಮಾದರಿ ಪ್ರತಿ) ಬಂದರೆ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಗೆ ಕೊಡುವುದಿಲ್ಲ. ಜಗಲಿಗೆ ತಂದು ಹಗಲಿನ ಬೆಳಕಲ್ಲಿ ನೋಡುತ್ತೇನೆ. ಕಲಾವಿದರ ಹೆಸರುಗಳ ಸಣ್ಣ ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ನಾಲ್ಕು ಶಾಯಿ ಬೆರೆಸಿದರೆ, ಒಂದು ಶಾಯಿಯ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರ ಕಲಸಿಹೋಗುತ್ತದೆ.