ಆಲ್ಕೋಹಾಲ್ ಬಿಟ್ಟ ಮೇಲೆ ನೀರಿನ ರೋಲರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಆಫ್‌ಸೆಟ್ ಪ್ರಿಂಟಿಂಗ್ ಮೆಷಿನ್‌ನಲ್ಲಿ ನೀರಿಗೆ ಬೆರೆಸುವ ಆಲ್ಕೋಹಾಲ್, ಅಂದರೆ ಐಪಿಎ, ನಿಲ್ಲಿಸಿದ ಕೆಲವೇ ದಿನಕ್ಕೆ ತೊಂದರೆ ಕಾಣಿಸಿಕೊಳ್ಳುವುದು ಮಾಮೂಲು. ಶೀಟಿನ ಒಂದು ಅಂಚಿನಲ್ಲಿ ಸ್ಕಮ್ಮಿಂಗ್ (ಖಾಲಿ ಇರಬೇಕಾದ ಜಾಗಕ್ಕೂ ಇಂಕ್ ಹತ್ತುವುದು), ನಡುವೆ ಸಾಲಿಡ್ (ಪೂರ್ತಿ ಬಣ್ಣ ತುಂಬಿದ ಜಾಗ) ತೆಳು, ನೀರಿನ ಪ್ಯಾನ್‌ನಲ್ಲಿ ಇಂಕಿನ ಬಣ್ಣ. ಆಗ ಕೈ ತಾನಾಗಿಯೇ ನೀರಿನ ನಾಬ್ ಕಡೆ ಹೋಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ನೀರು ಏರಿಸಿದರೆ ಐದು ನಿಮಿಷ ಸರಿ ಹೋದಂತೆ ಕಾಣುತ್ತದೆ, ಆಮೇಲೆ ಇಂಕ್ ನೀರು ಕುಡಿದು ಬಣ್ಣ ಮಂಕಾಗುತ್ತದೆ, ಅದಕ್ಕೆ ಇಂಕ್ ಏರಿಸುತ್ತೀರಿ, ಮತ್ತೆ ಸ್ಕಮ್ಮಿಂಗ್ ಬರುತ್ತದೆ. ಈ ಸುತ್ತಿನಲ್ಲಿ ಬಿದ್ದರೆ ಇಡೀ ದಿನ ಹೋಯಿತು.

ಯಾಕೆ ಹೀಗಾಗುತ್ತದೆ ಅಂತ ಮೊದಲು ತಿಳಿಯಬೇಕು. ಐಪಿಎ ಎರಡು ಕೆಲಸ ಮಾಡುತ್ತಿತ್ತು. ಒಂದು, ನೀರಿನ ಮೇಲ್ಮೈ ಸೆಳೆತ ಇಳಿಸುವುದು. ಬರೀ ನೀರಿಗೆ ಅದು ಸೆಂಟಿಮೀಟರಿಗೆ ಸುಮಾರು 72 ಡೈನ್, ಅಷ್ಟಿದ್ದರೆ ನೀರು ಪ್ಲೇಟ್ ಮೇಲೆ ಸಲೀಸಾಗಿ ಹರಡುವುದಿಲ್ಲ. ಇನ್ನೊಂದು, ನೀರನ್ನು ಸ್ವಲ್ಪ ಮಂದ ಮಾಡುವುದು, ಇದನ್ನೇ ನಾವು ಮರೆಯುವುದು. ಮಂದವಾದ ನೀರನ್ನು ರೋಲರ್ ಜಾಸ್ತಿ ಎತ್ತಿಕೊಂಡು ಬರುತ್ತದೆ. ಬದಲಿಗೆ ಬಂದ ಕೆಮಿಕಲ್‌ಗಳು ಮೊದಲನೇ ಕೆಲಸ ಚೆನ್ನಾಗಿ ಮಾಡುತ್ತವೆ, ಎರಡನೆಯದು ಅವುಗಳ ಕೈಲಿ ಅಷ್ಟಾಗಿ ಆಗುವುದಿಲ್ಲ. ಹಾಗಾಗಿ ಈಗ ನೀರಿನ ಪದರ ತೆಳುವಾಗಿದೆ. ರೋಲರ್ ಗಟ್ಟಿಯಾಗಿದ್ದರೂ, ಒತ್ತಡ ಓರೆಯಾಗಿದ್ದರೂ ಆಲ್ಕೋಹಾಲ್ ಅದನ್ನೆಲ್ಲ ಮುಚ್ಚಿಕೊಂಡು ಹೋಗುತ್ತಿತ್ತು. ಈಗ ಆ ಹಳೇ ದೋಷಗಳೆಲ್ಲ ಶೀಟಿನ ಮೇಲೆ ಬರುತ್ತಿವೆ, ಅಷ್ಟೇ. ಅದಕ್ಕೇ ಕೆಮಿಕಲ್ ಬದಲಿಸುವ ಮೊದಲು ರೋಲರ್ ನೋಡಿ.

ಮೆಷಿನ್ ಪೂರ್ತಿ ನಿಲ್ಲಿಸಿ, ಸೇಫ್ಟಿ ಲಾಕ್ ಹಾಕಿ, ಆಮೇಲೆ ಕೈ ಹಾಕಿ. ಮೊದಲು ಬೇಕಾಗುವುದು ಶೋರ್ ಎ ಡ್ಯೂರೋಮೀಟರ್, ಅಂದರೆ ರಬ್ಬರ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್. ಆಲ್ಕೋಹಾಲ್ ಇಲ್ಲದೆ ಓಡಿಸುವಾಗ ನೀರಿನ ಪ್ರಮಾಣ ಹಿಡಿತದಲ್ಲಿಡುವ ಮೀಟರಿಂಗ್ ರೋಲರ್ ಮೆತ್ತಗಿರಬೇಕು, ಸಾಮಾನ್ಯವಾಗಿ 18ರಿಂದ 25ರೊಳಗೆ. ನಿಮ್ಮ ರೋಲರ್‌ಗೆ ಕಂಪನಿ ಕೊಟ್ಟಿರುವ ಅಂಕಿಯೇ ಕೊನೆಯ ಮಾತು. ಅದಕ್ಕಿಂತ ಹತ್ತು ಪಾಯಿಂಟ್ ಏರಿದ್ದರೆ ಸೆಟ್ಟಿಂಗ್ ಮಾಡುತ್ತಾ ಕೂರಬೇಡಿ, ಹೊಸ ರಬ್ಬರ್ ಹಾಕಿಸಿ. ಅಳೆಯುವಾಗ ರೋಲರ್ ಕೋಣೆಯ ಬಿಸಿಗೆ ಬಂದಿರಲಿ, ತಣ್ಣಗಿನ ರಬ್ಬರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಎರಡು ತುದಿ ಮತ್ತು ನಡುವೆ, ಮೂರೂ ಕಡೆ ಅಳೆಯಿರಿ.

ಮುಂದಿನದು ಸ್ಟ್ರೈಪ್. ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ರೋಲರ್‌ಗಳಿಗೆ ಇಂಕ್ ಹಿಡಿಸಿ, ಮೆಷಿನ್ ನಿಲ್ಲಿಸಿ, ಒಣಗಿದ ಗಮ್ ಹಾಕಿದ ಪ್ಲೇಟ್ ಮೇಲೆ ವಾಟರ್ ಫಾರ್ಮ್ ರೋಲರನ್ನು (ಪ್ಲೇಟ್‌ಗೆ ನೀರು ಹಚ್ಚುವ ರೋಲರ್) ಕೆಲವು ಸೆಕೆಂಡ್ ಇಳಿಸಿ ಎತ್ತಿ. ಪ್ಲೇಟ್ ಮೇಲೆ ಇಂಕಿನ ಗೆರೆ ಬೀಳುತ್ತದೆ. ಅಗಲ ಎಷ್ಟಿರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಬಹಳಷ್ಟು ಮೆಷಿನ್‌ಗಳಲ್ಲಿ 3ರಿಂದ 5 ಮಿಲಿಮೀಟರ್ ಆಸುಪಾಸು. ಅಗಲಕ್ಕಿಂತ ಆಕಾರ ಮುಖ್ಯ. ಒಂದು ಕಡೆ ದಪ್ಪ ಇನ್ನೊಂದು ಕಡೆ ಸಣ್ಣ ಇದ್ದರೆ ಸೆಟ್ಟಿಂಗ್ ಓರೆಯಾಗಿದೆ, ಸ್ಕ್ರೂನಲ್ಲೇ ಸರಿ ಹೋಗುತ್ತದೆ. ಎರಡೂ ತುದಿಯಲ್ಲಿ ದಪ್ಪ, ನಡುವೆ ಸಣ್ಣ ಇದ್ದರೆ ತುದಿಗಳು ಊದಿಕೊಂಡಿವೆ ಅಥವಾ ನಡುಭಾಗ ಸವೆದಿದೆ. ಇದು ಸ್ಕ್ರೂಗೆ ಬಗ್ಗುವ ಕಾಯಿಲೆ ಅಲ್ಲ. ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ರಬ್ಬರ್ ಮೇಲೆ ಹೊಂಡ ಬಿದ್ದಿದೆ. ರೋಲರ್‌ಗೆ ಬೈಯುವ ಮೊದಲು ಬೇರಿಂಗ್ ಅಲ್ಲಾಡಿಸಿ ನೋಡಿ. ಬೇರಿಂಗ್ ಸಡಿಲವಿದ್ದರೆ ಹೊಸ ರೋಲರ್ ಹಾಕಿದರೂ ಕುಣಿಯುತ್ತದೆ. ಸೆಟ್ಟಿಂಗ್ ಮಾಡುವಾಗ ಕ್ರಮ ತಪ್ಪಬೇಡಿ: ಫಾರ್ಮ್ ರೋಲರನ್ನು ಮೊದಲು ಅದಕ್ಕೆ ನೀರು ಕೊಡುವ ಕ್ರೋಮ್ ರೋಲರ್‌ಗೆ ಹೊಂದಿಸಿ, ಆಮೇಲೆ ಪ್ಲೇಟ್‌ಗೆ.

ಶೀಟ್ ಮೇಲೆ ಒಂದೇ ಗುರುತು ಮತ್ತೆ ಮತ್ತೆ ಬರುತ್ತಿದೆಯಾ? ಎರಡು ಗುರುತಿನ ನಡುವಿನ ದೂರ ಅಳೆದು 3.14ರಿಂದ ಭಾಗಿಸಿ. ಫಾರ್ಮ್ ರೋಲರ್ ಪ್ಲೇಟ್ ವೇಗದಲ್ಲೇ ಓಡುವ ಮೆಷಿನ್ ಆದರೆ ತಪ್ಪು ಮಾಡುತ್ತಿರುವ ರೋಲರಿನ ವ್ಯಾಸ ಸಿಕ್ಕಿತು. 251 ಮಿಲಿಮೀಟರಿಗೊಮ್ಮೆ ಬಂದರೆ 80 ಮಿಲಿಮೀಟರ್ ರೋಲರ್ ಹುಡುಕಿ.

ನೀರು ನಡುವೆ ಜಾಸ್ತಿ, ತುದಿಯಲ್ಲಿ ಕಡಿಮೆ ಇದ್ದರೆ ಮೀಟರಿಂಗ್ ರೋಲರಿನ ಸ್ಕ್ಯೂ, ಅಂದರೆ ಅದನ್ನು ಎಷ್ಟು ಓರೆಯಾಗಿ ಕೂರಿಸಿದೆ ಅಂತ ನೋಡಿ. ಓರೆ ಜಾಸ್ತಿ ಮಾಡಿದರೆ ನಡುವಿನ ಒತ್ತಡ ಉಳಿದು ತುದಿಗಳು ಸಡಿಲವಾಗುತ್ತವೆ, ಅಂದರೆ ತುದಿಗೆ ನೀರು ಹೆಚ್ಚು ಹೋಗುತ್ತದೆ. ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಹತ್ತಿಪ್ಪತ್ತು ಶೀಟ್ ಓಡಿಸಿ ನೋಡಿ. ಒಂದೇ ಸಲ ಎರಡು ಸ್ಕ್ರೂ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಈಗ ಕ್ರೋಮ್. ಅದರ ಮೇಲೆ ಸ್ವಲ್ಪ ನೀರು ಹಾಕಿ. ಪದರವಾಗಿ ಹರಡಿ ನಿಂತರೆ ಸರಿ. ತಾವರೆ ಎಲೆ ಮೇಲಿನ ಹನಿಯ ಹಾಗೆ ಮುದುಡಿಕೊಂಡರೆ ಕ್ರೋಮ್ ನೀರು ಹಿಡಿಯುವ ಗುಣ ಕಳೆದುಕೊಂಡಿದೆ, ಇಂಕ್ ಹಿಡಿಯಲು ಶುರು ಮಾಡಿದೆ. ಪ್ಯಾನ್‌ಗೆ ಇಂಕ್ ಬರುವುದು ಬಹಳ ಸಲ ಇದರಿಂದಲೇ. ಮೊದಲು ವಾಶ್‌ನಿಂದ ಇಂಕ್ ತೆಗೆಯಿರಿ, ನೀರಿನಿಂದ ಒರೆಸಿ. ಆಮೇಲೆ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು ಕ್ರೋಮ್ ಕ್ಲೀನರ್ ಹಚ್ಚಿ ಉಜ್ಜಿ, ಅದರಲ್ಲಿ ಆಸಿಡ್ ಇರುತ್ತದೆ. ಚೆನ್ನಾಗಿ ತೊಳೆದು ಕೊನೆಗೆ ಗಮ್ ಅರೇಬಿಕ್ ತೆಳ್ಳಗೆ ಹಚ್ಚಿ. ಎಮರಿ ಪೇಪರ್, ಸ್ಟೀಲ್ ವುಲ್ ಹತ್ತಿರವೂ ತರಬೇಡಿ.

ರಬ್ಬರ್ ಮೇಲೆ ಕನ್ನಡಿಯಂತೆ ಹೊಳಪು ಬಂದಿದ್ದರೆ ಅದು ಗ್ಲೇಜ್. ಗಮ್, ಒಣಗಿದ ಇಂಕ್, ಕ್ಯಾಲ್ಸಿಯಂ ಎಲ್ಲ ಸೇರಿ ರಂಧ್ರ ಮುಚ್ಚಿರುತ್ತವೆ. ಕ್ಯಾಲ್ಸಿಯಂ ಬರುವುದು ಕೋಟೆಡ್ ಪೇಪರಿನಿಂದ, ಗಡಸು ನೀರಿನಿಂದ. ಸಾಮಾನ್ಯ ವಾಶ್‌ಗೆ ಇದು ಜಗ್ಗುವುದಿಲ್ಲ, ಕ್ಯಾಲ್ಸಿಯಂ ರಿಮೂವರೇ ಬೇಕು, ಅದಾದ ಮೇಲೆ ಬರೀ ನೀರಿನ ತೊಳೆತ ಕಡ್ಡಾಯ. ಶೇಷ ಉಳಿದರೆ ಪಿಎಚ್ ಕೆಡುತ್ತದೆ.

ರೋಲರ್ ಎಲ್ಲ ಸರಿ ಇದ್ದರೆ ಮಾತ್ರ ಸೊಲ್ಯೂಷನ್ (ಕೆಮಿಕಲ್ ಬೆರೆಸಿದ ನೀರು) ಕಡೆ ಬನ್ನಿ. ಪಿಎಚ್ 4.8ರಿಂದ 5.3ರೊಳಗೆ ಇರಲಿ. ನೀರಿನ ಗಡಸುತನ 8ರಿಂದ 12 ಜರ್ಮನ್ ಡಿಗ್ರಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 140ರಿಂದ 210 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ) ಹೊಸದಾಗಿ ಕಲಸಿದಾಗಲೇ ಅಳೆದು ಬರೆದಿಡಿ. ಅದರ ಮೇಲೆ ಸುಮಾರು 1000 ಮೈಕ್ರೋಸೀಮೆನ್ಸ್ ಏರಿದರೆ ಟ್ಯಾಂಕ್ ಖಾಲಿ ಮಾಡಿ. ಆಲ್ಕೋಹಾಲ್ ಕಂಡಕ್ಟಿವಿಟಿ ಕಡಿಮೆ ತೋರಿಸುತ್ತಿತ್ತು, ಹಾಗಾಗಿ ಈಗ ಮೀಟರಿನ ಅಂಕಿ ಏರಿದೆ ಅಂತ ಗಾಬರಿ ಬೇಡ, ಹಳೇ ಅಂಕಿಯ ಜೊತೆ ಹೋಲಿಸಬೇಡಿ. ಡೋಸ್ ಲೇಬಲ್‌ನಲ್ಲಿ ಇದ್ದಷ್ಟೇ. ಇನ್ನೊಂಚೂರು ಹಾಕಿದರೆ ಇನ್ನೂ ಚೆನ್ನ ಅಂತ ಸುರಿದರೆ ಇಂಕ್ ರೋಲರ್ ಇಂಕನ್ನೇ ಹಿಡಿಯುವುದಿಲ್ಲ, ನೊರೆ ಬೇರೆ.

ಇನ್ನೊಂದು ವಿಷಯ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಆಲ್ಕೋಹಾಲ್ ಇದ್ದಾಗ ಟ್ಯಾಂಕಿನಲ್ಲಿ ಪಾಚಿ, ಲೋಳೆ ಬೆಳೆಯುವುದು ಕಷ್ಟ ಇತ್ತು. ಈಗ ಸುಲಭ. ಲೋಳೆ ಫಿಲ್ಟರ್ ಮುಚ್ಚುತ್ತದೆ, ಪೈಪಿನಲ್ಲಿ ಕೂರುತ್ತದೆ, ಒಂದು ಯುನಿಟ್‌ಗೆ ನೀರು ಕಡಿಮೆಯಾಗುತ್ತದೆ, ಮತ್ತು ನೀವು ರೋಲರ್ ಸೆಟ್ ಮಾಡುತ್ತಾ ಇರುತ್ತೀರಿ. ವಾರಕ್ಕೋ ಎರಡು ವಾರಕ್ಕೋ ಟ್ಯಾಂಕ್, ಪೈಪ್, ಪ್ಯಾನ್ ಎಲ್ಲ ಖಾಲಿ ಮಾಡಿ ಸಿಸ್ಟಮ್ ಕ್ಲೀನರ್ ಓಡಿಸಿ, ನೀರಿನಿಂದ ತೊಳೆದು ಆಮೇಲೆ ಹೊಸದು ತುಂಬಿ.

ಇಷ್ಟಾದ ಮೇಲೆ ನಾಬ್ ಮುಟ್ಟಬಹುದು. ಓಡುತ್ತಿರುವಾಗ ನೀರನ್ನು ಮೆಲ್ಲಗೆ ಇಳಿಸುತ್ತಾ ಹೋಗಿ, ಅಂಚಿನಲ್ಲಿ ಸ್ಕಮ್ಮಿಂಗ್ ಶುರುವಾದ ಜಾಗ ನೋಡಿಕೊಳ್ಳಿ, ಅಲ್ಲಿಂದ ಕೆಲವೇ ಪಾಯಿಂಟ್ ಮೇಲೆ ನಿಲ್ಲಿಸಿ. ಹೊಸ ರಬ್ಬರ್ ಹಾಕಿದ್ದರೆ ಒಂದು ವಾರ ಓಡಿಸಿದ ಮೇಲೆ ಸ್ಟ್ರೈಪ್ ಮತ್ತೊಮ್ಮೆ ತೆಗೆಯಿರಿ, ಅಷ್ಟರಲ್ಲಿ ರೋಲರ್ ಸ್ವಲ್ಪ ಊದಿರುವುದುಂಟು.